ಬೆಂಗಳೂರಿನಿಂದ ಇಳಿದು ಬಂದ ಹಳೆಯ ಅಂಬಾಸಿಡರ್, ಈಗಿನ ಪೆಟ್ರೋಲ್: ಟೈಮಿಂಗ್ ಎಷ್ಟಿರಬೇಕು?

ಅಂಬಾಸಿಡರ್ 78, ಉಡುಪಿ

ಎಲ್ಲರಿಗೂ ನಮಸ್ಕಾರ. ನನ್ನ ದೊಡ್ಡಪ್ಪ ಬೆಂಗಳೂರಿನಲ್ಲಿ ಬಹಳ ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ 1978ರ ಅಂಬಾಸಿಡರ್ ಕಾರನ್ನು ಕಳೆದ ಡಿಸೆಂಬರಿನಲ್ಲಿ ಉಡುಪಿಗೆ ತಂದೆ. 1489 ಸಿ.ಸಿ. ಪೆಟ್ರೋಲ್ ಎಂಜಿನ್, ಪಾಯಿಂಟ್ (ತೆರೆದಾಗ ಕಿಡಿ ಹುಟ್ಟಿಸುವ ಸ್ವಿಚ್ಚು) ಇರುವ ಲ್ಯೂಕಾಸ್ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ), ಗಾಳಿಗೆ ಪೆಟ್ರೋಲ್ ಬೆರೆಸುವ ಎಸ್.ಯು. ಕಾರ್ಬುರೇಟರ್. ಅಲ್ಲಿ ಒಂದು ತಕರಾರೂ ಇಲ್ಲದೆ ಓಡುತ್ತಿದ್ದ ಕಾರು, ಶಿರಾಡಿ ಘಾಟಿ ಇಳಿದು ಇಲ್ಲಿಗೆ ಬಂದ ಮೊದಲ ವಾರದಲ್ಲೇ ನಾಕಿಂಗ್ ಶುರುಮಾಡಿತು. ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಡಬ್ಬಿಯಲ್ಲಿ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಹಾಗೆ ಕೇಳಿಸುತ್ತಿತ್ತು.

ಇಲ್ಲಿನ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಅವರು ಡಿಸ್ಟ್ರಿಬ್ಯೂಟರ್ ಸಡಿಲಿಸಿ, ಶಬ್ದ ನಿಲ್ಲುವವರೆಗೆ ಟೈಮಿಂಗನ್ನು, ಅಂದರೆ ಪ್ಲಗ್ಗಿನಲ್ಲಿ ಕಿಡಿ ಬೀಳುವ ಹೊತ್ತನ್ನು, ರಿಟಾರ್ಡ್ (ತಡ) ಮಾಡಿಕೊಟ್ಟರು. ಶಬ್ದವೇನೋ ನಿಂತಿತು, ಆದರೆ ಅದರ ಜೊತೆಗೆ ಪಿಕಪ್ ಕೂಡ ಹೋಯಿತು. ಹೆಬ್ರಿಗೆ ಹೋಗಿ ಬರುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಎಂದೂ ಏರದ ಜಾಗಕ್ಕೆ ಏರುತ್ತದೆ, ಲೀಟರಿಗೆ 11 ಕಿ.ಮೀ. ಕೊಡುತ್ತಿದ್ದದ್ದು 8ಕ್ಕೆ ಇಳಿದಿದೆ. ಈಗಿನ ಪೆಟ್ರೋಲಿಗೆ ಆಕ್ಟೇನ್ ಹೆಚ್ಚು, ಆದ್ದರಿಂದ ಅಡ್ವಾನ್ಸ್ ಕೊಡಬೇಕು, ಅಂದರೆ ಕಿಡಿ ಮುಂಚಿತವಾಗಿ ಬರಬೇಕು ಎಂದು ಒಬ್ಬರು ಹೇಳುತ್ತಾರೆ. ಎಥನಾಲ್ ಬೆರೆಸಿರುವುದರಿಂದ ಎಂಜಿನ್ ಬಿಸಿಯಾಗುತ್ತದೆ, ರಿಟಾರ್ಡ್ ಇರಲಿ ಎಂದು ಇನ್ನೊಬ್ಬರು ಹೇಳುತ್ತಾರೆ. ಅನುಭವ ಇರುವವರು ದಯವಿಟ್ಟು ದಾರಿ ತೋರಿಸಬೇಕು.

ಹಳೆ ಗ್ಯಾರೇಜು, ಪಡುಬಿದ್ರಿ

ಪೆಟ್ರೋಲಿನ ವಿಚಾರವನ್ನು ಸ್ವಲ್ಪ ಹೊತ್ತು ಬದಿಗಿಡಿ. ನೀವು ಹೇಳಿದ ಲಕ್ಷಣಗಳೆಲ್ಲ, ಅಂದರೆ ಬಿಸಿ, ಮಂದಗತಿ, ಹೆಚ್ಚಿದ ಪೆಟ್ರೋಲ್ ಖರ್ಚು, ರಿಟಾರ್ಡ್ ಅತಿಯಾದ ಎಂಜಿನ್ನಿನದ್ದೇ. ಕಿಡಿ ತಡವಾದರೆ ಬೆಂಕಿ ಪಿಸ್ಟನ್ನನ್ನು ತಳ್ಳುವ ಬದಲು ಸೈಲೆನ್ಸರ್ ಪೈಪಿನ ಕಡೆಗೆ ಉರಿಯುತ್ತಾ ಹೋಗುತ್ತದೆ, ಆ ಶಾಖ ಎಕ್ಸಾಸ್ಟ್ ವಾಲ್ವಿಗೂ ಹೆಡ್ಡಿಗೂ ನೀರಿಗೂ ಇಳಿಯುತ್ತದೆ. ನಾಕಿಂಗ್ ನಿಂತಿತು ಎಂದು ಸಮಾಧಾನಪಟ್ಟುಕೊಂಡು ಹೀಗೆಯೇ ಓಡಿಸಿದರೆ ವಾಲ್ವ್ ಸುಟ್ಟುಹೋಗುತ್ತದೆ.

ಗ್ಯಾರೇಜಿನವರು ಮಾಡಿದ್ದರಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದೇ. ಪಾಯಿಂಟ್ ಗ್ಯಾಪ್ ನೋಡದೆ, ಒಳಗಿನ ವೇಟು ಮತ್ತು ಸ್ಪ್ರಿಂಗ್ ನೋಡದೆ, ಡಿಸ್ಟ್ರಿಬ್ಯೂಟರಿನ ಮೈ ತಿರುಗಿಸಿದ್ದು. ಟೈಮಿಂಗ್ ಎನ್ನುವುದು ಒಂದು ಅಂಕಿಯಲ್ಲ, ವೇಗಕ್ಕೆ ತಕ್ಕ ಹಾಗೆ ಏರುತ್ತಾ ಹೋಗುವ ಒಂದು ಗೆರೆ. ಮೈ ತಿರುಗಿಸಿದಾಗ ಇಡೀ ಗೆರೆ ಮೇಲೆ ಅಥವಾ ಕೆಳಗೆ ಸರಿಯುತ್ತದೆಯೇ ಹೊರತು ಅದರ ಓರೆ ಬದಲಾಗುವುದಿಲ್ಲ. ಒಂದು ವೇಗದಲ್ಲಿ ಮಾತ್ರ ತಪ್ಪಿದ್ದರೆ, ಅದೊಂದನ್ನು ಸರಿಪಡಿಸಲು ಹೋಗಿ ಉಳಿದೆಲ್ಲ ವೇಗಗಳಲ್ಲೂ ಕೆಡಿಸಿದ ಹಾಗಾಗುತ್ತದೆ.

ಮೊದಲು ಪಾಯಿಂಟ್ ಬಿಚ್ಚಿ ನೋಡಿ. ನಮ್ಮ ಕಡಲ ಗಾಳಿಗೆ ಅದರ ಮುಖದಲ್ಲಿ ಬೇಗನೆ ಕಲೆ ಕೂರುತ್ತದೆ, ಕ್ಯಾಪಿನ ಒಳಗಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಹೊಸ ಪಾಯಿಂಟ್ ಹಾಕಿ ಫೀಲರ್ ಗೇಜಿನಲ್ಲಿ 0.35ರಿಂದ 0.40 ಮಿ.ಮೀ. ಇಡಿ, ಆಮೇಲಷ್ಟೇ ಟೈಮಿಂಗ್. ಈ ಅನುಕ್ರಮ ತಪ್ಪಬಾರದು. ಗ್ಯಾಪ್ ಕಡಿಮೆಯಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಟೈಮಿಂಗ್ ಇಟ್ಟ ನಂತರ ಗ್ಯಾಪ್ ಮುಟ್ಟಿದರೆ ಇಟ್ಟ ಟೈಮಿಂಗ್ ಉಳಿಯುವುದಿಲ್ಲ.

ಪದ್ಮಿನಿ ಪ್ರಿಯ, ಮಂಗಳೂರು

ನನ್ನ ಪ್ರೀಮಿಯರ್ ಪದ್ಮಿನಿ ಕಾರಿಗೆ ನಾನು ಇಷ್ಟೆಲ್ಲ ಮಾಡಿದವನಲ್ಲ. ಬಿಜೈಯಿಂದ ಕದ್ರಿ ಗುಡ್ಡ ಹತ್ತಿಸುವುದು, ಸಣ್ಣಗೆ ನಾಕಿಂಗ್ ಕೇಳುವವರೆಗೆ ಸ್ವಲ್ಪ ಸ್ವಲ್ಪವೇ ಅಡ್ವಾನ್ಸ್ ಕೊಡುವುದು, ಕೇಳಿದ ಕೂಡಲೇ ಒಂದಿಷ್ಟು ಹಿಂದಕ್ಕೆ ತಿರುಗಿಸಿ ಬಿಗಿ ಮಾಡುವುದು. ನನ್ನ ತಂದೆಯವರ ಕಾಲದಿಂದ ನಮ್ಮಲ್ಲಿ ಇದೇ ಕ್ರಮ. ಕಿವಿಗಿಂತ ಒಳ್ಳೆಯ ಉಪಕರಣ ಇದೆಯೆಂದು ನನಗೆ ಅನ್ನಿಸುವುದಿಲ್ಲ. ಈಗಿನ ಪೆಟ್ರೋಲ್ ಬಂದ ಮೇಲೆ ಮೊದಲಿಗಿಂತ ಬಹಳ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳುತ್ತಿದೆ, ನಾಕಿಂಗ್ ಬರುವುದೇ ಇಲ್ಲ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು, ಅಷ್ಟು ಕೊಟ್ಟರೂ ಪಿಕಪ್ ಹೆಚ್ಚಾಗಲಿಲ್ಲ. ಬಿಸಿ ಎಂಜಿನ್ನಿನಲ್ಲಿ ಸ್ಟಾರ್ಟರ್ ತಿರುಗುವಾಗ ಒದ್ದ ಹಾಗೆ ಆಗಿ ನಿಲ್ಲುತ್ತದೆ.

ಸುರತ್ಕಲ್ ಮೇಷ್ಟ್ರು

ಪದ್ಮಿನಿಯವರು ಬರೆದ ಕೊನೆಯ ಎರಡು ವಾಕ್ಯಗಳು ಬಹಳ ಮುಖ್ಯವಾದವು. ಅಲ್ಲಿಂದಲೇ ಆರಂಭಿಸುತ್ತೇನೆ.

ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಸಿಡಿಯುವುದಿಲ್ಲ, ಪ್ಲಗ್ಗಿನಿಂದ ಆಚೆ ಬದಿಗೆ ಉರಿಯುತ್ತಾ ಸಾಗುತ್ತದೆ, ಅದಕ್ಕೆ ಸಮಯ ಬೇಕು. ಒತ್ತಡದ ತುದಿ ಪಿಸ್ಟನ್ ಮೇಲಿನ ಕೊನೆಯನ್ನು, ಅಂದರೆ ಟಿ.ಡಿ.ಸಿ.ಯನ್ನು, ದಾಟಿ ಸುಮಾರು 15 ಡಿಗ್ರಿ ಕೆಳಗಿಳಿದಾಗ ಬಂದರೆ ಪಿಸ್ಟನ್ ತಿರುಗಿಸುವ ದಂಡಕ್ಕೆ, ಅಂದರೆ ಕ್ರ್ಯಾಂಕಿಗೆ, ಅತ್ಯುತ್ತಮ ತಳ್ಳು ಸಿಗುತ್ತದೆ. ನಿಮಿಷಕ್ಕೆ 1000 ಸುತ್ತು ತಿರುಗುವ ಕ್ರ್ಯಾಂಕ್ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 6 ಡಿಗ್ರಿ ತಿರುಗುತ್ತದೆ, 3000 ಸುತ್ತಿನಲ್ಲಿ ಅಷ್ಟೇ ಸಮಯದಲ್ಲಿ 18 ಡಿಗ್ರಿ. ಉರಿಯುವ ಸಮಯ ಅದೇ ಪ್ರಮಾಣದಲ್ಲಿ ಕಡಿಮೆಯಾಗದ ಕಾರಣ ವೇಗ ಹೆಚ್ಚಿದಂತೆ ಕಿಡಿ ಮುಂಚಿತವಾಗಿ ಬರಬೇಕು. ಆ ಕೆಲಸವನ್ನು ಡಿಸ್ಟ್ರಿಬ್ಯೂಟರಿನೊಳಗಿನ ಎರಡು ವೇಟುಗಳು ಮಾಡುತ್ತವೆ. ಸಮತಟ್ಟಾದ ರಸ್ತೆಯಲ್ಲಿ ಅರ್ಧ ಆಕ್ಸಿಲರೇಟರಿನಲ್ಲಿ ಹೋಗುವಾಗ ಸಿಲಿಂಡರಿನೊಳಗಿನ ಮಿಶ್ರಣ ತೆಳುವಾಗಿ ನಿಧಾನವಾಗಿ ಉರಿಯುವುದರಿಂದ ಇನ್ನೂ ಹೆಚ್ಚು ಅಡ್ವಾನ್ಸ್ ಬೇಕಾಗುತ್ತದೆ, ಅದನ್ನು ಎಂಜಿನ್ನಿನ ಗಾಳಿ ಎಳೆತದಿಂದ ಕೆಲಸ ಮಾಡುವ ವ್ಯಾಕ್ಯೂಮ್ ಡಬ್ಬಿ ಕೊಡುತ್ತದೆ.

ಆಕ್ಟೇನ್ ಎಂದರೆ ಶಕ್ತಿಯಲ್ಲ. ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ಒತ್ತಡಕ್ಕೆ ತಾನಾಗಿಯೇ ಹೊತ್ತಿಕೊಳ್ಳದಂತೆ ತಡೆದುಕೊಳ್ಳುವ ಗುಣ ಅದು. ಹಾಗೆ ಹೊತ್ತಿಕೊಳ್ಳುವುದೇ ನಾಕಿಂಗ್. ನಮ್ಮಲ್ಲಿ ಬಿ.ಎಸ್. 2 (ಭಾರತ್ ಸ್ಟೇಜ್ ಹೊಗೆ ನಿಯಮ) ಕಾಲದ ಸಾಮಾನ್ಯ ಪೆಟ್ರೋಲಿಗೆ 88 ಇತ್ತು, ಬಿ.ಎಸ್. 3 ಬಂದಾಗ 91 ಆಯಿತು, ಶೇಕಡಾ 20 ಎಥನಾಲ್ ಬೆರೆತ ಮೇಲೆ 95. ಈ ಹಳೆಯ ಎಂಜಿನ್ನುಗಳ ಕಂಪ್ರೆಷನ್ (ಮಿಶ್ರಣವನ್ನು ಒತ್ತಿ ಕುಗ್ಗಿಸುವ ಪ್ರಮಾಣ) ಇಂದಿನ ಕಾರುಗಳಿಗೆ ಹೋಲಿಸಿದರೆ ಬಹಳ ಕಡಿಮೆ. ಆದ್ದರಿಂದ 95ರ ಪೆಟ್ರೋಲಿನಲ್ಲಿ ಇವುಗಳಿಗೆ ಸರಿಯಾದ ಟೈಮಿಂಗ್ ದಾಟಿ ಎಷ್ಟೋ ಡಿಗ್ರಿ ಮುಂದೆ ಹೋದರೂ ನಾಕಿಂಗ್ ಕೇಳಿಸದೆ ಇರಬಹುದು. ಮೊದಲಿನ ಪೆಟ್ರೋಲಿನಲ್ಲಿ ನಾಕಿಂಗ್ ಒಂದು ಬೇಲಿಯಂತೆ ಇತ್ತು, ಕಿವಿಯನ್ನು ನಂಬಿದರೆ ಸರಿಯಾದ ಜಾಗದ ಹತ್ತಿರವೇ ನಿಲ್ಲಿಸುತ್ತಿತ್ತು. ಈಗ ಆ ಬೇಲಿ ದೂರ ಸರಿದಿದೆ. ನಾಕಿಂಗ್ ಬರುವವರೆಗೆ ತಿರುಗಿಸುತ್ತಾ ಹೋದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಅದನ್ನು ಕೆಳಕ್ಕೆ ತಳ್ಳುತ್ತದೆ, ಶಕ್ತಿ ಕಡಿಮೆಯಾಗುತ್ತದೆ, ಸ್ಟಾರ್ಟರಿಗೆ ಒದೆ ಬೀಳುತ್ತದೆ. ನಿಮ್ಮ ಪದ್ಮಿನಿಯಲ್ಲಿ ಆಗುತ್ತಿರುವುದು ಅದೇ ಎಂದು ನನ್ನ ಅಭಿಪ್ರಾಯ.

ಇನ್ನು ಬೆಂಗಳೂರಿನ ವಿಚಾರ. ಆ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ನಮ್ಮಲ್ಲಿಗಿಂತ ಹೆಚ್ಚು ಕಡಿಮೆ ಹತ್ತರಲ್ಲಿ ಒಂದು ಪಾಲು ಕಡಿಮೆ. ಅದೇ ಕಾರು ಉಡುಪಿಗೆ ಬಂದಾಗ ಪ್ರತಿ ಉಸಿರಿಗೂ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ, ಸಿಲಿಂಡರಿನ ಒತ್ತಡ ಏರುತ್ತದೆ. ಅಲ್ಲಿ ಮರೆಯಾಗಿದ್ದ ದೋಷ ಇಲ್ಲಿ ಸದ್ದು ಮಾಡಿದೆ. ದೋಷ ಏನೆಂದು ಡಿಸ್ಟ್ರಿಬ್ಯೂಟರನ್ನು ಅಳೆದರೆ ತಿಳಿಯುತ್ತದೆ.

ಅಂಬಾಸಿಡರ್ 78, ಉಡುಪಿ

ಮೇಷ್ಟ್ರೇ, ಅಳೆಯುವುದು ಹೇಗೆ ಎಂದು ಹೇಳಿದರೆ ಉಪಕಾರವಾಗುತ್ತದೆ. ಸ್ನೇಹಿತರೊಬ್ಬರ ಬಳಿ ಸಾಮಾನ್ಯ ಟೈಮಿಂಗ್ ಲೈಟ್ (ಕಿಡಿ ಬಿದ್ದಾಗಲೆಲ್ಲ ಮಿನುಗುವ ದೀಪ) ಇದೆ, ಆದರೆ ನನ್ನ ಕ್ರ್ಯಾಂಕಿನ ತುದಿಯ ಪುಲ್ಲಿಯಲ್ಲಿ ಡಿಗ್ರಿ ಗುರುತುಗಳಿಲ್ಲ. ಇರುವ ಒಂದು ಗೀಟೂ ತುಕ್ಕಿನಲ್ಲಿ ಮುಚ್ಚಿಹೋಗಿದೆ.

ಹಳೆ ಗ್ಯಾರೇಜು, ಪಡುಬಿದ್ರಿ

ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಗುರುತನ್ನು ಕಣ್ಣು ಮುಚ್ಚಿ ನಂಬಿ ಕೆಟ್ಟ ಎಂಜಿನ್ನುಗಳನ್ನು ನಾನು ನೋಡಿದ್ದೇನೆ. ಬ್ಯಾಟರಿ ವಯರ್ ಕಳಚಿ, ನಾಲ್ಕೂ ಪ್ಲಗ್ ತೆಗೆಯಿರಿ. ಹಳೆಯ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು, ಅದರ ನಡುವೆ ತುದಿ ಉರುಟಾದ ಬೋಲ್ಟ್ ಕೂರಿಸಿ ಒಂದನೇ ಸಿಲಿಂಡರಿಗೆ ಹಾಕಿ. ಎಂಜಿನ್ನನ್ನು ಕೈಯಿಂದ ಮಾತ್ರ, ಮೆಲ್ಲಗೆ, ಪಿಸ್ಟನ್ ಬೋಲ್ಟಿಗೆ ತಾಗುವವರೆಗೆ ತಿರುಗಿಸಿ, ಎಂಜಿನ್ನಿನ ಮೇಲಿನ ಸೂಚಿ ಮುಳ್ಳಿನ ಎದುರು ಪುಲ್ಲಿಯ ಮೇಲೆ ಗೀಟು ಎಳೆಯಿರಿ. ವಿರುದ್ಧ ದಿಕ್ಕಿಗೆ ತಿರುಗಿಸಿ, ತಾಗಿದಲ್ಲಿ ಇನ್ನೊಂದು ಗೀಟು. ಆ ಎರಡರ ನಟ್ಟನಡುವೆ ಇರುವುದೇ ನಿಜವಾದ ಟಿ.ಡಿ.ಸಿ.

ನಂತರ ಒಂದು ಕಾಗದದ ಪಟ್ಟಿಯನ್ನು ಪುಲ್ಲಿಗೆ ಸುತ್ತಿ ಸುತ್ತಳತೆ ನೋಡಿ, 360ರಿಂದ ಭಾಗಿಸಿ. 130 ಮಿ.ಮೀ. ವ್ಯಾಸದ ಪುಲ್ಲಿಯಾದರೆ ಸುತ್ತಳತೆ ಸುಮಾರು 408 ಮಿ.ಮೀ., ಹತ್ತು ಡಿಗ್ರಿಗೆ ಹನ್ನೊಂದೂಕಾಲು ಮಿ.ಮೀ.ಗಿಂತ ತುಸು ಹೆಚ್ಚು. 10, 20, 30 ಎಂದು ಗುರುತು ಹಾಕಿ ಬಿಳಿ ನೈಲ್ ಪಾಲಿಶ್ ಹಚ್ಚಿ. ಅಳೆಯುವಾಗ ವ್ಯಾಕ್ಯೂಮ್ ಪೈಪ್ ಕಳಚಿ ಅದರ ಬಾಯಿ ಮುಚ್ಚಿರಬೇಕು. ಐಡ್ಲಿಂಗ್‌ನಲ್ಲಿ ಒಂದು, ನಿಮಿಷಕ್ಕೆ 1500 ಸುತ್ತಿನಲ್ಲಿ ಒಂದು, ಹೀಗೆ ಅಡ್ವಾನ್ಸ್ ಏರುವುದು ನಿಲ್ಲುವವರೆಗೆ ಬರೆದುಕೊಳ್ಳಿ. ಫ್ಯಾನ್ ತಿರುಗುತ್ತಿರುತ್ತದೆ, ಲೈಟಿನ ಬೆಳಕಿನಲ್ಲಿ ಅದು ನಿಂತ ಹಾಗೆ ಕಾಣುತ್ತದೆ. ಕೈ, ವಯರ್, ಲುಂಗಿಯ ತುದಿ ಯಾವುದೂ ಅದರ ಹತ್ತಿರ ಹೋಗಬಾರದು.

ಅಂಬಾಸಿಡರ್ 78, ಉಡುಪಿ

ಭಾನುವಾರ ಕುಳಿತು ಅಳೆದೆ. ಗ್ಯಾರೇಜಿನವರು ಇಟ್ಟುಕೊಟ್ಟ ಸ್ಥಿತಿಯಲ್ಲಿ, ಐಡ್ಲಿಂಗ್ 800ರಲ್ಲಿ ಸರಿಯಾಗಿ ಟಿ.ಡಿ.ಸಿ., ಅಂದರೆ 0. 1500ರಲ್ಲಿ 21 ಡಿಗ್ರಿ. 2000ದಲ್ಲಿ 23. ಅಲ್ಲಿಂದ ಮುಂದೆ ಎಷ್ಟು ಎತ್ತಿದರೂ 23ರಲ್ಲೇ ನಿಂತಿತು. ವ್ಯಾಕ್ಯೂಮ್ ಪೈಪ್ ಸೇರಿಸಿದಾಗಲೂ ಒಂದು ಡಿಗ್ರಿ ಕೂಡ ಹೆಚ್ಚಾಗಲಿಲ್ಲ. ಇದರ ಅರ್ಥವೇನು?

ಹಳೆ ಗ್ಯಾರೇಜು, ಪಡುಬಿದ್ರಿ

ಅರ್ಥ ಸ್ಪಷ್ಟವಾಗಿದೆ. ಮೂರು ಸಾವಿರದ ಸುಮಾರಿಗೆ ಪೂರ್ತಿಯಾಗಬೇಕಾದ ಅಡ್ವಾನ್ಸ್ ಒಂದೂವರೆ ಸಾವಿರದಲ್ಲೇ ಹಾರಿ ನಿಲ್ಲುತ್ತಿದೆ. ಪಾಯಿಂಟ್ ಪ್ಲೇಟ್ ಬಿಚ್ಚಿ ಕೆಳಗಿನ ಸ್ಪ್ರಿಂಗುಗಳನ್ನು ನೋಡಿ. ಲ್ಯೂಕಾಸ್‌ನಲ್ಲಿ ಎರಡು ಸ್ಪ್ರಿಂಗ್ ಒಂದೇ ತರಹ ಇರುವುದಿಲ್ಲ. ಒಂದು ಸಣ್ಣ ತಂತಿಯದ್ದು, ಯಾವಾಗಲೂ ಬಿಗಿಯಾಗಿರುತ್ತದೆ. ಇನ್ನೊಂದು ದಪ್ಪ ತಂತಿಯದ್ದು, ಅದರ ಕೊಕ್ಕೆ ಉದ್ದವಾಗಿದ್ದು ಗೂಟದಲ್ಲಿ ಸಡಿಲವಾಗಿ ಆಡುತ್ತಿರುತ್ತದೆ. ಆ ಸಡಿಲು ಬೇಕೆಂದೇ ಕೊಟ್ಟದ್ದು. ಮೊದಲು ಸಣ್ಣದು ಮಾತ್ರ ಎಳೆಯುತ್ತದೆ, ಸ್ವಲ್ಪ ವೇಗ ಹೆಚ್ಚಿದ ಮೇಲೆ ದಪ್ಪದ್ದು ಹಿಡಿದುಕೊಂಡು ಅಡ್ವಾನ್ಸ್ ಏರುವುದನ್ನು ನಿಧಾನಿಸುತ್ತದೆ. ಇದು ತಿಳಿಯದವರು ಸಡಿಲ ಸ್ಪ್ರಿಂಗ್ ಹಾಳಾಗಿದೆ ಎಂದುಕೊಂಡು ಬಿಸಾಡಿ, ಎರಡೂ ಕಡೆ ಸಣ್ಣದನ್ನೇ ಹಾಕುವುದುಂಟು.

ವ್ಯಾಕ್ಯೂಮ್ ಡಬ್ಬಿಯ ಪೈಪನ್ನು ಒರೆಸಿ, ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಪ್ಲೇಟ್ ತಿರುಗಿ ಹಾಗೆಯೇ ನಿಲ್ಲಬೇಕು. ಗಾಳಿ ಸರಾಗವಾಗಿ ಬಂದರೆ ಒಳಗಿನ ಡಯಾಫ್ರಾಮ್ ಹರಿದಿದೆ.

ಅಂಬಾಸಿಡರ್ 78, ಉಡುಪಿ

ನೀವು ಕಣ್ಣಾರೆ ನೋಡಿ ಬರೆದ ಹಾಗಿದೆ ಅಣ್ಣ. ಎರಡೂ ಸಣ್ಣ ತಂತಿಯ ಸ್ಪ್ರಿಂಗುಗಳೇ. ಒಂದರ ಕೊಕ್ಕೆಯನ್ನು ಇಕ್ಕಳದಲ್ಲಿ ಬಗ್ಗಿಸಿ ಗಿಡ್ಡ ಮಾಡಿದ ಗುರುತು ಇನ್ನೂ ಹೊಳೆಯುತ್ತಿದೆ. ವ್ಯಾಕ್ಯೂಮ್ ಡಬ್ಬಿಯಿಂದ ಗಾಳಿ ನೇರವಾಗಿ ಬಾಯಿಗೆ ಬಂತು, ಪ್ಲೇಟ್ ಅಲ್ಲಾಡಲೇ ಇಲ್ಲ. ಹಿಂದೆ ಐಡ್ಲಿಂಗ್‌ನಲ್ಲಿ 8 ಡಿಗ್ರಿ ಇತ್ತು ಎಂದು ದೊಡ್ಡಪ್ಪನ ಡೈರಿಯಲ್ಲಿ ಬರೆದಿದೆ. ಹಾಗಾದರೆ ಆಗ 1500ರಲ್ಲಿ 29 ಡಿಗ್ರಿ ಆಗುತ್ತಿತ್ತು. ಮಣಿಪಾಲದ ಏರಿನಲ್ಲಿ ನಾಕಿಂಗ್ ಬಂದದ್ದು ಏಕೆಂದು ಈಗ ಅರ್ಥವಾಯಿತು.

ಸುರತ್ಕಲ್ ಮೇಷ್ಟ್ರು

ಸ್ಪ್ರಿಂಗ್ ಮತ್ತು ಡಬ್ಬಿ ಸಿಗುವಷ್ಟರಲ್ಲಿ ಮಿಶ್ರಣದ ಕಡೆಗೂ ಗಮನ ಕೊಡಿ, ಏಕೆಂದರೆ ಈಗಿನ ಪೆಟ್ರೋಲಿನ ನಿಜವಾದ ತೊಂದರೆ ಟೈಮಿಂಗಿಗಿಂತ ಅಲ್ಲಿದೆ. ಪೂರ್ತಿ ಉರಿಯಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ ಕೇವಲ 9. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದು ಇದಕ್ಕೆ ಕಾರಣ. ಶೇಕಡಾ 20ರ ಮಿಶ್ರಣಕ್ಕೆ ಲೆಕ್ಕ ಹಾಕಿದರೆ ಸುಮಾರು 13.5 ಬರುತ್ತದೆ. ಹೊಸ ಕಾರುಗಳಲ್ಲಿ ಸೆನ್ಸರ್ ಇದನ್ನು ಗುರುತಿಸಿ ಪೆಟ್ರೋಲ್ ಹೆಚ್ಚಿಸುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ, ಅದು ಹಿಂದಿನಷ್ಟೇ ಕೊಡುತ್ತದೆ. ಆದ್ದರಿಂದ ಎಂಜಿನ್ ಸುಮಾರು ಶೇಕಡಾ 8ರಷ್ಟು ಲೀನ್ ಆಗಿ, ಅಂದರೆ ಗಾಳಿಗೆ ಪೆಟ್ರೋಲ್ ಸಾಲದೆ, ಓಡುತ್ತದೆ. ಲೀನ್ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಟೈಮಿಂಗ್ ಸರಿಯಾಗಿದ್ದರೂ ರಿಟಾರ್ಡ್ ಆದಂತೆ ವರ್ತಿಸುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುತ್ತದೆ. ಎಥನಾಲ್ ಎಂಜಿನ್ ಬಿಸಿ ಮಾಡುತ್ತದೆ ಎಂದು ಜನ ಹೇಳುವುದರ ಹಿಂದೆ ಬಹುಮಟ್ಟಿಗೆ ಇದೇ ಇದೆ. ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿಕೊಳ್ಳುವುದರಿಂದ ಒಳಬರುವ ಮಿಶ್ರಣವನ್ನು ಅದು ತಣಿಸುತ್ತದೆ.

ನಿಮ್ಮ ಎಸ್.ಯು.ನಲ್ಲಿ ಜೆಟ್ಟಿನ (ಪೆಟ್ರೋಲ್ ಹೊರಬರುವ ಸಣ್ಣ ತೂತು) ಕೆಳಗಿನ ನಟ್ಟನ್ನು ಒಂದೊಂದು ಮುಖದಷ್ಟು ಕೆಳಕ್ಕೆ ತಿರುಗಿಸಿ ರಿಚ್ ಮಾಡಬಹುದು, ಅಂದರೆ ಪೆಟ್ರೋಲ್ ಹೆಚ್ಚಿಸಬಹುದು. ಜೆಟ್ ಬದಲಿಸುವ ಕಾರ್ಬುರೇಟರ್ ಇರುವವರಿಗೆ ಒಂದು ಉದಾಹರಣೆ: 1.20 ಮಿ.ಮೀ. ಜೆಟ್ಟಿನ ಬದಲು 1.25 ಹಾಕಿದರೆ ತೂತಿನ ವಿಸ್ತೀರ್ಣ ಶೇಕಡಾ 8.5ರಷ್ಟು ಹೆಚ್ಚುತ್ತದೆ, ಲೆಕ್ಕ ಸರಿಹೋಗುತ್ತದೆ. ಮಿಶ್ರಣ ಸರಿಮಾಡದೆ ಅಡ್ವಾನ್ಸ್ ಒಂದರಿಂದಲೇ ಸರಿದೂಗಿಸಲು ಹೋಗಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಪೆಟ್ರೋಲ್ ಪಂಪಿನ ಡಯಾಫ್ರಾಮ್ ಮತ್ತು ರಬ್ಬರ್ ಪೈಪುಗಳು ಹಳೆಯವಾಗಿದ್ದರೆ ಎಥನಾಲ್ ತಡೆಯುವಂಥದ್ದನ್ನು ಹಾಕಿಸಿಕೊಳ್ಳಿ.

ಬಂಟ್ವಾಳದ 800

ನಡುವೆ ಒಂದು ಪ್ರಶ್ನೆ ಕೇಳುತ್ತಿದ್ದೇನೆ, ಕ್ಷಮೆಯಿರಲಿ. ನನ್ನದು 1996ರ ಕಾರ್ಬುರೇಟರ್ ಮಾರುತಿ 800. ಇದೇ ಕ್ರಮ ನನಗೂ ಅನ್ವಯಿಸುತ್ತದೆಯೇ? ಮಾವನವರ ಬಳಿ ಕಾರ್ಬುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಎಂ.ಪಿ.ಎಫ್.ಐ. 800 ಇದೆ, ಅದರಲ್ಲಿಯೂ ಮಾಡಬಹುದೇ?

ಹಳೆ ಗ್ಯಾರೇಜು, ಪಡುಬಿದ್ರಿ

ನಿಮ್ಮದಕ್ಕೆ ಅನ್ವಯಿಸುತ್ತದೆ. ಮೂರು ಸಿಲಿಂಡರ್, ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಬೀಳುವ ಸರದಿ) 1-3-2 ಎಂಬುದು ನೆನಪಿರಲಿ. ಅಂಬಾಸಿಡರಿನ ಅಂಕಿಗಳನ್ನು ಅದಕ್ಕೆ ಹಾಕಬೇಡಿ, ಕಂಪೆನಿ ಕೊಟ್ಟದ್ದರಿಂದ ಆರಂಭಿಸಿ. ಮಾವನವರ ಕಾರಿನಲ್ಲಿ ಟೈಮಿಂಗನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಅದನ್ನು ಮುಟ್ಟುವುದು ಬೇಡ.

ಅಂಬಾಸಿಡರ್ 78, ಉಡುಪಿ

ಎರಡು ತಿಂಗಳು ಬರೆಯಲಾಗಲಿಲ್ಲ, ಸಾಮಾನು ಸಿಗುವುದು ತಡವಾಯಿತು. ಸರಿಯಾದ ಜೋಡಿ ಸ್ಪ್ರಿಂಗ್, ಹೊಸ ವ್ಯಾಕ್ಯೂಮ್ ಡಬ್ಬಿ, ಪಾಯಿಂಟ್, ಕಂಡೆನ್ಸರ್ ಹಾಕಿದ್ದೇನೆ. ಜೆಟ್ ನಟ್ಟನ್ನು ಎರಡು ಮುಖ ಕೆಳಕ್ಕೆ ತಿರುಗಿಸಿದೆ. ಆ ಮೇಲೆ ಮೇಷ್ಟ್ರು ಫೋನಿನಲ್ಲಿ ಹೇಳಿದ ಕ್ರಮದಲ್ಲಿ ಟೈಮಿಂಗ್ ಹುಡುಕಿದೆ. ಬೆಳಗ್ಗೆ ಐದೂವರೆಗೆ, ರಸ್ತೆ ಖಾಲಿ ಇರುವಾಗ, ಒಂದೇ ಏರಿನಲ್ಲಿ, ಒಂದೇ ಕಂಬದಿಂದ, ಟಾಪ್ ಗೇರಿನಲ್ಲಿ 40ರಿಂದ 60 ಕಿ.ಮೀ. ವೇಗಕ್ಕೆ ಏರಲು ಎಷ್ಟು ಸೆಕೆಂಡ್ ಬೇಕೆಂದು ಪಕ್ಕದಲ್ಲಿ ಕುಳಿತ ತಮ್ಮ ಗಡಿಯಾರದಲ್ಲಿ ನೋಡಿದ. 5 ಡಿಗ್ರಿಯಿಂದ ಆರಂಭಿಸಿ ಎರಡೆರಡು ಡಿಗ್ರಿ ಹೆಚ್ಚಿಸುತ್ತಾ ಹೋದೆವು. 5ರಿಂದ 7ಕ್ಕೆ, 7ರಿಂದ 9ಕ್ಕೆ ಸಮಯ ಚೆನ್ನಾಗಿ ಕಡಿಮೆಯಾಯಿತು. 11ರಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. 13ರಲ್ಲಿ ಸಮಯ ಹೆಚ್ಚಾಯಿತು, ಆದರೆ ನಾಕಿಂಗ್ ಮಾತ್ರ ಕೇಳಲೇ ಇಲ್ಲ. ಮೇಷ್ಟ್ರು ಹೇಳಿದ ದೂರ ಸರಿದ ಬೇಲಿ ಇದೇ ಎಂದು ಆಗ ಮನದಟ್ಟಾಯಿತು. ಹಿಂದಕ್ಕೆ ಬಂದು 9ರಲ್ಲಿ ನಿಲ್ಲಿಸಿದೆ.

ಈಗ ಐಡ್ಲಿಂಗ್‌ನಲ್ಲಿ 9, 1500ರಲ್ಲಿ 16, 2500ರಲ್ಲಿ 26, 3200ರಲ್ಲಿ 31, ಮತ್ತೆ ಏರುವುದಿಲ್ಲ. ಟೆಂಪರೇಚರ್ ಮುಳ್ಳು ತನ್ನ ಹಳೆಯ ಜಾಗದಲ್ಲಿದೆ. ಮೈಲೇಜ್ 10.5, ಎಥನಾಲಿನಲ್ಲಿ ಶಕ್ತಿ ಕಡಿಮೆ ಇರುವುದರಿಂದ ಹಿಂದಿನ 11ಕ್ಕೆ ಇದು ಸಮವೆಂದೇ ಭಾವಿಸಿದ್ದೇನೆ.

ಸುರತ್ಕಲ್ ಮೇಷ್ಟ್ರು

ಬಹಳ ಸಂತೋಷವಾಯಿತು. ಇಷ್ಟು ತಾಳ್ಮೆಯಿಂದ ಮಾಡುವವರು ಕಡಿಮೆ. ಒಂದು ಎಚ್ಚರಿಕೆ ಮಾತ್ರ. ಬೆಳಗಿನ ತಂಪು ಗಾಳಿ ಎಂಜಿನ್ನಿನ ಪರವಾಗಿರುತ್ತದೆ. ತಂಪು ಮತ್ತು ತೇವ ಎರಡೂ ನಾಕಿಂಗನ್ನು ತಗ್ಗಿಸುತ್ತವೆ, ಆಟಿ ತಿಂಗಳ ಮಳೆಯಲ್ಲಿ ಎಷ್ಟು ಅಡ್ವಾನ್ಸ್ ಕೊಟ್ಟರೂ ತೆಗೆದುಕೊಳ್ಳುತ್ತಿದೆ ಎಂದು ಅನ್ನಿಸುವುದು ಅದರಿಂದಲೇ. ಮಧ್ಯಾಹ್ನದ ಬಿಸಿಲಿನಲ್ಲಿ, ತುಂಬಿದ ಕಾರಿನಲ್ಲಿ, ಒಂದು ದೊಡ್ಡ ಏರು ಹತ್ತಿಸಿ ನೋಡದೆ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಕೊನೆಯದಾಗಿ ಬಿಗಿಯಬೇಡಿ.

ಪದ್ಮಿನಿ ಪ್ರಿಯ, ಮಂಗಳೂರು

ನಾನೂ ಟೈಮಿಂಗ್ ಲೈಟ್ ತಂದು ಅಳೆದೆ. ಐಡ್ಲಿಂಗ್‌ನಲ್ಲೇ 19 ಡಿಗ್ರಿ ಇಟ್ಟುಕೊಂಡು ಇಷ್ಟು ದಿನ ಓಡಿಸಿದ್ದೆ! ಕೈಪಿಡಿಯ ಅಂಕಿಯಿಂದ ಶುರುಮಾಡಿ, ನಿಮ್ಮ ಗಡಿಯಾರದ ಕ್ರಮದಲ್ಲೇ ಹುಡುಕಿ ಇಳಿಸಿದೆ. ಸ್ಟಾರ್ಟರ್ ಒದೆಯುವುದು ಅಂದಿನಿಂದಲೇ ನಿಂತಿದೆ, ಪಿಕಪ್ ನಿಜಕ್ಕೂ ಹೆಚ್ಚಾಗಿದೆ. ಮೇಷ್ಟ್ರ ಮಾತು ಒಪ್ಪಿದೆ.

ಅಂಬಾಸಿಡರ್ 78, ಉಡುಪಿ

ಮೇಷ್ಟ್ರು ಹೇಳಿದ ಹಾಗೆ ಏಪ್ರಿಲ್ ಕೊನೆಯಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ಮನೆಯ ಐದು ಮಂದಿಯನ್ನು ಕೂರಿಸಿಕೊಂಡು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿಸಿದೆ. ಕಿಟಕಿ ಇಳಿಸಿ, ಶಬ್ದ ತಿರುಗಿ ಬರಲಿ ಎಂದು ತಡೆಗೋಡೆ ಇರುವ ಕಡೆಗಳಲ್ಲಿ ಕಿವಿಗೊಟ್ಟೆ. ಎಂಟನೇ ತಿರುವು ದಾಟಿ ಎರಡನೇ ಗೇರಿನಿಂದ ಮೂರಕ್ಕೆ ಹಾಕಿ ಒತ್ತಿದಾಗ ಸಣ್ಣಗೆ ನಾಲ್ಕೈದು ಸಲ ಟಿಣ್ ಎಂದಿತು, ಮತ್ತೆ ಎಲ್ಲಿಯೂ ಇಲ್ಲ. ಮೇಲೆ ತಲುಪಿ ಎಂಜಿನ್ ತಣಿದ ಮೇಲೆ, ಡಿಸ್ಟ್ರಿಬ್ಯೂಟರಿನ ಪಕ್ಕದ ಸಣ್ಣ ತಿರುಪನ್ನು ಆರ್ ಅಕ್ಷರದ ಕಡೆಗೆ ಹನ್ನೊಂದು ಕ್ಲಿಕ್, ಅಂದರೆ ಒಂದು ಡಿಗ್ರಿ ತಿರುಗಿಸಿದೆ. ಮರುವಾರ ಅದೇ ಹೊತ್ತಿಗೆ ಮತ್ತೆ ಹತ್ತಿಸಿದಾಗ ಶಬ್ದ ಬರಲಿಲ್ಲ. ಈಗ 8ರಲ್ಲಿದೆ.

ಹಳೆ ಗ್ಯಾರೇಜು, ಪಡುಬಿದ್ರಿ

ಹೊಸ ಪಾಯಿಂಟ್ ಹಾಕಿ ಎಷ್ಟು ಓಡಿತು? ಪಾಯಿಂಟನ್ನು ತೆರೆಯುವ ಕ್ಯಾಮಿಗೆ ಉಜ್ಜುವ ಅದರ ಹಿಮ್ಮಡಿ ಮೊದಲ ಐನೂರು ಕಿಲೋಮೀಟರಿನಲ್ಲಿ ಸವೆದು ಕೂರುತ್ತದೆ. ಗ್ಯಾಪ್ ಕಿರಿದಾಗಿ ಟೈಮಿಂಗ್ ತಾನಾಗಿಯೇ ರಿಟಾರ್ಡ್ ಆಗುತ್ತದೆ. ಕ್ಯಾಮಿಗೆ ಚೂರು ಗ್ರೀಸ್ ಹಚ್ಚಿ, ಗ್ಯಾಪ್ ನೋಡಿ, ಮತ್ತೆ ಲೈಟ್ ಹಿಡಿದು ನೋಡಿ.

ಅಂಬಾಸಿಡರ್ 78, ಉಡುಪಿ

620 ಕಿ.ಮೀ. ಆಗಿತ್ತು. ನಿನ್ನೆ ನೋಡಿದೆ, 0.38 ಇಟ್ಟಿದ್ದ ಗ್ಯಾಪ್ 0.33ಕ್ಕೆ ಬಂದಿತ್ತು, ಟೈಮಿಂಗ್ 8ರಿಂದ ಆರಕ್ಕಿಂತ ಕೆಳಗಿಳಿದಿತ್ತು. ಗ್ಯಾಪ್ ಸರಿಮಾಡಿದ ಕೂಡಲೇ, ಡಿಸ್ಟ್ರಿಬ್ಯೂಟರ್ ಮುಟ್ಟದೆಯೇ, ಬಿಳಿ ಗೀಟು ಮತ್ತೆ 8ರ ಎದುರು ಬಂದು ನಿಂತಿತು.